ಮನೇಲಿ ಯಾರೂ ಕಾಲೇಜು ಓದಿರದ ಮಕ್ಕಳ ಹತ್ರ ಯೂನಿವರ್ಸಿಟಿ ಕಡೆಯಿಂದ ಹೋಗ್ಬೇಕು, ನಿಜವಾಗ್ಲೂ ಉಪಯೋಗ ಆಗೋ ಥರ ಹೇಗೆ ಮಾಡೋದು?

ಕೆಮಿಸ್ಟ್ರಿ ಲೆಕ್ಚರರ್:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಉತ್ತರ ಕೊಡಿ ಪ್ಲೀಸ್. ನಾನು ಯೂನಿವರ್ಸಿಟೀಲಿ ಪಾಠ ಮಾಡ್ತೀನಿ. ಈ ವರ್ಷ ನಮ್ಮ ಡಿಪಾರ್ಟ್‌ಮೆಂಟಿಗೆ ಒಂದು ಹೊಸ ಜವಾಬ್ದಾರಿ ಬಂದಿದೆ, ಬಡತನದಲ್ಲಿರೋ ಕುಟುಂಬಗಳ ಮಕ್ಕಳು ಜಾಸ್ತಿ ಇರೋ ಹೈಸ್ಕೂಲುಗಳಿಗೆ ಹೋಗಿ, ಮುಂದೆ ಡಿಗ್ರಿ ಓದೋದನ್ನ ಆ ಮಕ್ಕಳು ಯೋಚ್ನೆ ಮಾಡೋ ಹಾಗೆ ಏನಾದ್ರೂ ಮಾಡಿ ಅಂತ. ನನಗೆ ಇದು ತುಂಬಾ ಇಷ್ಟದ ಕೆಲಸ, ನಾನಾಗೇ ಮುಂದೆ ಬಂದು ತಗೊಂಡಿದೀನಿ.

ಸಾಮಾನ್ಯವಾಗಿ ಇದನ್ನ ಹೇಗೆ ಮಾಡ್ತಾರೆ ಅಂತ ಎಲ್ರಿಗೂ ಗೊತ್ತಿರೋದೇ. ಒಂದು ಬಸ್ಸಲ್ಲಿ ಮಕ್ಕಳನ್ನ ಕರ್ಕೊಂಡು ಬರೋದು, ಲ್ಯಾಬಲ್ಲಿ ಬಣ್ಣ ಬದಲಾಗೋ ಎರಡು ಎಕ್ಸ್‌ಪೆರಿಮೆಂಟ್ ತೋರ್ಸೋದು, ಲೈಬ್ರರಿ ಸುತ್ತಿಸೋದು, ದೊಡ್ಡವರೊಬ್ಬರಿಂದ ಕನಸು ಕಾಣಿ ಮಕ್ಕಳೇ ಅಂತ ಭಾಷಣ, ಕೈಗೊಂದು ಪಾಂಪ್ಲೆಟ್, ಗ್ರೂಪ್ ಫೋಟೋ, ಮುಗೀತು. ಇಂಥದೇ ಒಂದು ದಿನ ಎಲ್ರೂ ಬಸ್ ಹತ್ತೋಕೆ ಹೋದ್ಮೇಲೆ ಒಬ್ಳು ಹುಡುಗಿ ಹಿಂದೆ ಉಳ್ಕೊಂಡು ನನ್ನ ಹತ್ರ ಬಂದು "ಮೇಡಂ, ಇಲ್ಲಿ ಓದ್ಬೇಕು ಅಂದ್ರೆ ಮೊದ್ಲು ಯಾರನ್ನ ಕೇಳ್ಬೇಕು?" ಅಂದ್ಲು. ಅಷ್ಟು ಚೆನ್ನಾಗಿ ಪ್ರಿಂಟ್ ಮಾಡ್ಸಿದ್ದ ಪಾಂಪ್ಲೆಟ್ಟಿನ ಯಾವ ಪುಟದಲ್ಲೂ ಅದಕ್ಕೆ ಉತ್ತರ ಇರ್ಲಿಲ್ಲ.

ನನ್ನ ಪ್ರಶ್ನೆಗಳು ಇಷ್ಟು. ಯಾವ ಕ್ಲಾಸಿನ ಮಕ್ಕಳಿಂದ ಶುರು ಮಾಡ್ಬೇಕು? ಚೆನ್ನಾಗಿ ಓದೋ ಮಕ್ಕಳನ್ನ ಮಾತ್ರ ಆರಿಸ್ಕೋಬೇಕಾ, ಇಲ್ಲ ಎಲ್ರನ್ನೂ ಸೇರಿಸ್ಕೋಬೇಕಾ? ಅಪ್ಪ ಅಮ್ಮಂದಿರನ್ನ ಹೇಗೆ ಒಳಗೆ ತರೋದು? ದುಡ್ಡು ಜಾಸ್ತಿ ಇಲ್ಲ, ಆದ್ರೆ ಪಿಎಚ್‌ಡಿ ಮಾಡ್ತಿರೋ ಒಳ್ಳೊಳ್ಳೆ ಹುಡುಗ ಹುಡುಗೀರು ಇದಾರೆ, ಅವರ ಸಮಯ ಸಿಗುತ್ತೆ. ಈ ಕೆಲಸ ಮಾಡಿರೋರು, ಇಂಥ ಕಾರ್ಯಕ್ರಮದಿಂದ ಓದಿ ಮುಂದೆ ಬಂದಿರೋರು ಇದ್ರೆ ದಯವಿಟ್ಟು ಬರೀರಿ.

ಹೈಸ್ಕೂಲ್ ಮೇಷ್ಟ್ರು:

ಮೇಡಂ, ಶಾಲೆ ಕಡೆಯಿಂದ ಹೇಳ್ತೀನಿ ಕೇಳಿ. ಯೂನಿವರ್ಸಿಟಿಯವರು ಫೋನ್ ಮಾಡಿದ ತಕ್ಷಣ ಕೇಳೋದೇ "ನಿಮ್ಮ ಟಾಪ್ ಇಪ್ಪತ್ತು ಮಕ್ಕಳನ್ನ ಕಳ್ಸಿ" ಅಂತ. ನಾವೂ ಕಳಿಸ್ತೀವಿ, ಯಾಕಂದ್ರೆ ಶಾಲೆ ಹೆಸರು ಉಳೀಬೇಕಲ್ಲ, ಹೋದಲ್ಲಿ ಚುರುಕಾಗಿ ಉತ್ತರ ಹೇಳೋ ಮಕ್ಕಳೇ ಹೋಗ್ಲಿ ಅಂತ. ಆದ್ರೆ ಆ ಇಪ್ಪತ್ತು ಜನ ಹೇಗಾದ್ರೂ ಮುಂದೆ ಓದೋರೇ, ಎಲ್ಲಾ ಟೀಚರ್‌ಗಳೂ ಅವರ ಬೆನ್ನ ಹಿಂದೆ ಇದೀವಿ. ನಮ್ಮ ಕಣ್ಣು ತಪ್ಪೋದು ಮಧ್ಯದ ಬೆಂಚಿನ ಮಕ್ಕಳು. ಗಲಾಟೆ ಮಾಡಲ್ಲ, ಫೇಲೂ ಆಗಲ್ಲ, ಸುಮಾರಾಗಿ ಮಾರ್ಕ್ಸ್ ತಗೋತಾರೆ, "ಮುಂದೇನು ಮಾಡ್ತೀಯ" ಅಂದ್ರೆ ತಲೆ ತಗ್ಗಿಸಿ "ನೋಡ್ಬೇಕು ಸರ್" ಅಂತಾರೆ. ನಿಮ್ಮ ಕೆಲಸ ಇರೋದು ಅವರ ಹತ್ರ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಅಮೆರಿಕದಲ್ಲಿ 1965ರಲ್ಲಿ ಅಪ್‌ವರ್ಡ್ ಬೌಂಡ್ ಅಂತ ಸರ್ಕಾರದ ಕಾರ್ಯಕ್ರಮ ಶುರುವಾಯ್ತು, ಇವತ್ತಿಗೂ ನಡೀತಿದೆ, ಬಡ ಕುಟುಂಬದ ಹೈಸ್ಕೂಲ್ ಮಕ್ಕಳಿಗೆ ವರ್ಷಪೂರ್ತಿ ಪಾಠ, ಬೇಸಿಗೇಲಿ ಕಾಲೇಜು ಕ್ಯಾಂಪಸ್ಸಲ್ಲೇ ಉಳ್ಕೊಂಡು ಓದೋದು, ಈ ಥರ. ಅದನ್ನ ಲಾಟರಿ ಎತ್ತಿ ಎರಡು ಗುಂಪು ಮಾಡಿ ವರ್ಷಗಟ್ಟಲೆ ಪರೀಕ್ಷೆ ಮಾಡಿ ನೋಡಿದಾಗ ಒಟ್ಟಾರೆ ಮಕ್ಕಳಲ್ಲಿ ಕಾಲೇಜು ಸೇರೋ ಪ್ರಮಾಣದಲ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಕಾಣ್ಲಿಲ್ಲ, ಆದ್ರೆ ಆ ಕಾರ್ಯಕ್ರಮಕ್ಕೆ ಸೇರೋವಾಗ "ನಾನು ಡಿಗ್ರಿ ಮುಗಿಸ್ತೀನಿ ಅಂತ ಅನ್ಸಲ್ಲ" ಅಂದಿದ್ದ ಮಕ್ಕಳನ್ನ ಮಾತ್ರ ಬೇರೆ ತೆಗ್ದು ನೋಡಿದ್ರೆ ಅವರಲ್ಲಿ ದೊಡ್ಡ ಬದಲಾವಣೆ ಆಗಿತ್ತು. ಆಗ್ಲೇ ಓದ್ಬೇಕು ಅಂತ ನಿಶ್ಚಯ ಮಾಡಿರೋರಿಗೆ ಓದಿ ಅಂತ ಹೇಳೋದು ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ. ಅದಕ್ಕೇ ಲಿಸ್ಟ್ ಕೇಳೋವಾಗ ಮಾರ್ಕ್ಸ್ ಮೇಲೆ ಕೇಳ್ಬೇಡಿ, "ಓದೋ ಶಕ್ತಿ ಇದೆ ಆದ್ರೆ ಮನೇಲಿ ಹೇಳೋರಿಲ್ಲ ಅಂತ ನಿಮಗೆ ಅನ್ಸೋ ಮಕ್ಕಳು ಯಾರು" ಅಂತ ಕ್ಲಾಸ್ ಟೀಚರನ್ನ ಕೇಳಿ. ಹೆಡ್‌ಮಾಸ್ಟರನ್ನ ಅಲ್ಲ, ಕ್ಲಾಸ್ ಟೀಚರನ್ನ.

ಯಾವ ಕ್ಲಾಸು ಅಂದ್ರಲ್ಲ, ಕೊನೇ ವರ್ಷಕ್ಕೆ ಕಾಯ್ಬೇಡಿ. ಅಷ್ಟೊತ್ತಿಗೆ ಎಷ್ಟೋ ಬಾಗಿಲು ಮುಚ್ಚಿರುತ್ತೆ. ಗಣಿತ ಕಷ್ಟ ಅಂತ ಬಿಟ್ಟು ಬೇರೆ ಸಬ್ಜೆಕ್ಟ್ ತಗೊಂಡ ಹುಡುಗ, ಇಂಜಿನಿಯರಿಂಗಿಗೆ ಅದು ಬೇಕಿತ್ತು ಅಂತ ಎರಡು ವರ್ಷ ಆದ್ಮೇಲೆ ತಿಳ್ಕೊಂಡು ಏನು ಮಾಡ್ತಾನೆ? ಸಬ್ಜೆಕ್ಟ್ ಆರಿಸ್ಕೊಳ್ಳೋಕೆ ಮುಂಚೆ ಬನ್ನಿ. ಎಂಟನೇ ಕ್ಲಾಸಿಂದ ಬಂದ್ರೆ ಇನ್ನೂ ಒಳ್ಳೇದು.

ಮನೆಯ ಮೊದಲ ಡಿಗ್ರಿ:

ನಾನು ನಮ್ಮ ಮನೇಲಿ ಮೊದಲು ಡಿಗ್ರಿ ಮಾಡಿದೋಳು, ಆಮೇಲೆ ಕೆಲವು ವರ್ಷ ಇದೇ ಕೆಲಸ ಮಾಡಿದೀನಿ, ಶಾಲೆಗಳಿಗೆ ಹೋಗೋದು, ಮಕ್ಕಳ ಜೊತೆ ಕೂತು ಅರ್ಜಿ ತುಂಬಿಸೋದು. ಅದಕ್ಕೇ ಬಿಡಿಸಿ ಬರೀತಿದೀನಿ.

ಮೊದಲನೇದಾಗಿ "ಈ ಮಕ್ಕಳಿಗೆ ಆಸೆಯೇ ಇಲ್ಲ, ಆಸೆ ಹುಟ್ಟಿಸ್ಬೇಕು" ಅನ್ನೋ ಮಾತನ್ನ ಎಲ್ಲಾ ಮೀಟಿಂಗಲ್ಲೂ ಕೇಳ್ತೀವಿ, ನನಗದು ಒಪ್ಪಿಗೆ ಇಲ್ಲ. ಆಸೆ ಇದೆ. ಡಾಕ್ಟರ್ ಆಗ್ತೀನಿ ಟೀಚರ್ ಆಗ್ತೀನಿ ಅಂತ ಎಲ್ಲಾ ಮಕ್ಕಳೂ ಹೇಳ್ತಾರೆ, ಅವರ ಅಪ್ಪ ಅಮ್ಮನೂ ಅದನ್ನೇ ಬಯಸ್ತಾರೆ. ಇಲ್ದೇ ಇರೋದು ಇಲ್ಲಿಂದ ಅಲ್ಲಿಗೆ ಹೋಗೋ ದಾರಿ. ಯಾವ ಪರೀಕ್ಷೆ, ಯಾವ ತಿಂಗಳು, ಯಾವ ಫಾರ್ಮು, ಎಷ್ಟು ದುಡ್ಡು, ಯಾವಾಗ ಕಟ್ಬೇಕು, ಯಾರನ್ನ ಕೇಳ್ಬೇಕು. ಓದಿದವರ ಮನೇಲಿ ಇದೆಲ್ಲಾ ಊಟಕ್ಕೆ ಕೂತಾಗ ಕಿವಿಗೆ ಬೀಳುತ್ತೆ, ನಮ್ಮ ಮನೆಗಳಲ್ಲಿ ಬೀಳಲ್ಲ, ಅಷ್ಟೇ ವ್ಯತ್ಯಾಸ. ನಿಮ್ಮ ಹತ್ರ ಬಂದ ಆ ಹುಡುಗಿ ಕೇಳಿದ್ದೂ ಅದನ್ನೇ ನೋಡಿ ಮೇಡಂ, "ನನಗೆ ಆಸೆ ಹುಟ್ಸಿ" ಅನ್ಲಿಲ್ಲ, ಯಾರನ್ನ ಕೇಳ್ಬೇಕು ಅಂದ್ಲು.

ಫಾರ್ಮ್ ವಿಷ್ಯ ಹೇಳ್ತೀನಿ. ಸ್ಕಾಲರ್‌ಶಿಪ್ ಅರ್ಜೀಲಿ ಹೆಸರು, ವಿಳಾಸ, ಮಾರ್ಕ್ಸ್ ಎಲ್ಲಾ ಮಕ್ಕಳು ಸರಾಗವಾಗಿ ಬರೀತಾರೆ. "ಪೋಷಕರ ವಾರ್ಷಿಕ ಆದಾಯ" ಅನ್ನೋ ಕಾಲಂ ಬಂದ ತಕ್ಷಣ ಪೆನ್ನು ನಿಲ್ಲುತ್ತೆ. ದಿನಗೂಲಿ ಮಾಡೋ ಅಪ್ಪನ ವರ್ಷದ ಆದಾಯ ಅಂದ್ರೆ ಏನು ಬರೀಬೇಕು? ಕೆಲಸ ಸಿಕ್ಕ ತಿಂಗಳು ಒಂದು ಲೆಕ್ಕ, ಸಿಗದ ತಿಂಗಳು ಇನ್ನೊಂದು. ಜಾಸ್ತಿ ಬರೆದ್ರೆ ಸ್ಕಾಲರ್‌ಶಿಪ್ ಕೈತಪ್ಪುತ್ತೆ, ಕಮ್ಮಿ ಬರೆದ್ರೆ ಸುಳ್ಳು ಹೇಳಿದೀಯ ಅಂತಾರೇನೋ ಅಂತ ಹೆದರಿಕೆ. ಕೇಳೋಣ ಅಂದ್ರೆ ಯಾರಿಲ್ಲ. ಅಲ್ಲಿಗೆ ಫಾರ್ಮು ಮಡಚಿ ಪುಸ್ತಕದ ಮಧ್ಯ ಸೇರುತ್ತೆ, ಕೊನೇ ದಿನಾಂಕ ದಾಟುತ್ತೆ, ಮುಂದಿನ ಮೀಟಿಂಗಲ್ಲಿ ಯಾರೋ "ಅರ್ಜೀನೇ ಹಾಕಲ್ಲ ರೀ ಇವರು, ಆಸಕ್ತಿ ಇಲ್ಲ" ಅಂತಾರೆ. ನನಗೆ ಇಂಥ ಮಾತು ಕೇಳಿದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಪಕ್ಕದಲ್ಲಿ ಕೂತು "ಇದನ್ನ ಹೀಗೆ ಲೆಕ್ಕ ಹಾಕ್ಬೇಕು, ಈ ಕಾಗದ ಇಂಥ ಕಡೆ ಸಿಗುತ್ತೆ" ಅಂತ ಹೇಳೋಕೆ ಒಬ್ರು ಇದ್ದಿದ್ರೆ ಹತ್ತು ನಿಮಿಷದ ಕೆಲಸ.

ಇನ್ನು ಪೋಷಕರು. ಅವರನ್ನ ಆಡಿಟೋರಿಯಮ್ಮಿಗೆ ಕರ್ದು ಸ್ಲೈಡ್ ತೋರಿಸ್ಬೇಡಿ. ದಿನದ ಕೂಲಿ ಬಿಟ್ಟು ಬರೋಕೆ ಆಗಲ್ಲ, ಬಂದ್ರೂ ಅಷ್ಟು ಜನರ ಮುಂದೆ ಬಾಯಿ ಬಿಡಲ್ಲ. ಸಂಜೆ ಹೊತ್ತು ಶಾಲೆಯಲ್ಲೇ ನಾಲ್ಕೈದು ಮನೆಯವರನ್ನ ಸೇರಿಸಿ ಕೂತು ಮಾತಾಡಿ. ಅವರು ಕೇಳೋ ಪ್ರಶ್ನೆಗಳು ನಿಮ್ಮ ಪಾಂಪ್ಲೆಟ್ಟಿನ ಪ್ರಶ್ನೆಗಳಲ್ಲ. ಹಾಸ್ಟೆಲ್ ಬಾಗಿಲು ಎಷ್ಟು ಗಂಟೆಗೆ ಹಾಕ್ತಾರೆ, ವಾರ್ಡನ್ ಯಾರು, ಹುಷಾರು ತಪ್ಪಿದ್ರೆ ಯಾರು ನೋಡ್ಕೋತಾರೆ, ಮೂರು ವರ್ಷ ಆದ್ಮೇಲೆ ಕೆಲಸ ಸಿಗ್ದೇ ಹೋದ್ರೆ ಏನು ಗತಿ, ಅಲ್ಲೀವರೆಗೂ ಮನೆಗೆ ಬರ್ಬೇಕಿದ್ದ ಒಂದು ಸಂಬಳ ಬರಲ್ವಲ್ಲ. ಕೊನೇದು ತುಂಬಾ ನ್ಯಾಯವಾದ ಪ್ರಶ್ನೆ, ಅದಕ್ಕೆ ಕನಸಿನ ಮಾತು ಹೇಳಿ ಜಾರಿಕೊಳ್ಬೇಡಿ, ನಿಮ್ಮ ಡಿಪಾರ್ಟ್‌ಮೆಂಟಿಂದ ಹೋದ ವರ್ಷ ಹೊರಗೆ ಹೋದೋರು ಈಗ ಏನು ಮಾಡ್ತಿದಾರೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ.

ಡಿಗ್ರಿ ಎಲ್ರಿಗೂ ಬೇಕಾ:

ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ಲಾ ಮಕ್ಕಳನ್ನೂ ಯೂನಿವರ್ಸಿಟಿಗೆ ತಳ್ಳೋದು ಸರೀನಾ? ನಾನು ಎಲೆಕ್ಟ್ರಿಷಿಯನ್ ಕೋರ್ಸ್ ಮಾಡಿ ಸ್ವಂತ ಕೆಲಸ ಮಾಡ್ತಿದೀನಿ, ಮರ್ಯಾದೆಯಾಗಿ ಬದುಕ್ತಿದೀನಿ. ನನ್ನ ಜೊತೆ ಓದಿದ ಎಷ್ಟೋ ಜನ ಡಿಗ್ರಿ ಸೇರಿ ಅರ್ಧಕ್ಕೆ ಬಿಟ್ಟು, ಮನೆ ತುಂಬಾ ಸಾಲ ಮಾಡ್ಕೊಂಡ್ರು. ಇಂಥ ಕಾರ್ಯಕ್ರಮಗಳಲ್ಲಿ ಯೂನಿವರ್ಸಿಟಿಯವರು ತಮ್ಮ ಸೀಟು ತುಂಬಿಸ್ಕೊಳ್ಳೋಕೆ ಬರ್ತಾರೋ, ಮಕ್ಕಳ ಒಳ್ಳೇದಕ್ಕೆ ಬರ್ತಾರೋ ಅನ್ನೋದು ನನ್ನ ಪ್ರಶ್ನೆ.

ಹೈಸ್ಕೂಲ್ ಮೇಷ್ಟ್ರು:

ಅಣ್ಣ, ನಿಮ್ಮ ಮಾತಲ್ಲಿ ಅರ್ಧ ನಾನು ಪೂರ್ತಿ ಒಪ್ತೀನಿ. ಅಡ್ಮಿಷನ್ ಪ್ರಚಾರ ಬೇರೆ, ಇದು ಬೇರೆ, ಎರಡನ್ನೂ ಒಂದೇ ಟೀಮು ಒಂದೇ ಬ್ಯಾನರ್ ಹಿಡ್ಕೊಂಡು ಮಾಡ್ಬಾರ್ದು. ಮಗುವಿಗೆ ಒಪ್ಪೋದು ಬೇರೆ ಕಾಲೇಜಾದ್ರೆ ಅದನ್ನ ಹೇಳೋ ಧೈರ್ಯ ಇರ್ಬೇಕು, ಕೈಕೆಲಸದ ಕೋರ್ಸ್ ಒಪ್ಪುತ್ತೆ ಅಂದ್ರೆ ಅದನ್ನೂ ಅಷ್ಟೇ ಗೌರವದಿಂದ ಹೇಳ್ಬೇಕು.

ಇನ್ನರ್ಧಕ್ಕೆ ಒಂದು ಮಾತು. ಡಾಕ್ಟರ್ ಮಗ ಎಲೆಕ್ಟ್ರಿಷಿಯನ್ ಆಗ್ತೀನಿ ಅಂದ್ರೆ ಅವನು ಎರಡೂ ನೋಡಿ ಆರಿಸ್ಕೊಂಡಿದಾನೆ ಅಂತ ಅರ್ಥ. ನಮ್ಮ ಶಾಲೆ ಮಕ್ಕಳ ಮುಂದೆ ಎರಡು ಇರೋದೇ ಇಲ್ಲ, ಒಂದೇ ಇರುತ್ತೆ. ಎರಡನ್ನೂ ಕಣ್ಣಾರೆ ನೋಡಿ ಆಮೇಲೆ ಬೇಡ ಅಂದ್ರೆ ನನಗೆ ಖಂಡಿತಾ ಬೇಜಾರಿಲ್ಲ. ಅರ್ಧಕ್ಕೆ ಬಿಟ್ಟು ಸಾಲ ಹೊತ್ಕೊಳ್ಳೋದನ್ನ ನೀವು ಹೇಳಿದ್ರಲ್ಲ, ಅದು ತುಂಬಾ ದೊಡ್ಡ ವಿಷ್ಯ, ಒಳಗೆ ಕರ್ಕೊಂಡವರು ಮೊದಲ ವರ್ಷ ಕೈ ಹಿಡೀದೇ ಹೋದ್ರೆ ಆಗೋದೇ ಅದು.

ಡೇಟಾ ನೋಡೋನು:

ಮೇಲೆ ಫಾರ್ಮ್ ಬಗ್ಗೆ ಬರ್ದಿರೋದನ್ನ ಓದಿ ಖುಷಿ ಆಯ್ತು, ಯಾಕಂದ್ರೆ ಅದಕ್ಕೆ ತುಂಬಾ ಗಟ್ಟಿಯಾದ ಪುರಾವೆ ಇದೆ. 2008ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರು. ಎಚ್ ಅಂಡ್ ಆರ್ ಬ್ಲಾಕ್ ಅಂತ ತೆರಿಗೆ ಫಾರ್ಮ್ ತುಂಬಿಸಿಕೊಡೋ ಕಂಪನಿ ಇದೆ, ಕಮ್ಮಿ ಆದಾಯದ ಕುಟುಂಬಗಳು ತೆರಿಗೆ ಕೆಲಸಕ್ಕೆ ಅಲ್ಲಿಗೆ ಹೇಗೂ ಬರ್ತಾರೆ, ಬಂದಾಗ ಅಲ್ಲೇ ಅವರ ಮಕ್ಕಳ ಕಾಲೇಜು ಧನಸಹಾಯದ ಅರ್ಜೀನೂ ತುಂಬಿಸಿಕೊಟ್ರು, ಆದಾಯದ ವಿವರ ಹೆಂಗೂ ಕಂಪ್ಯೂಟರಲ್ಲಿ ಇದ್ದೇ ಇತ್ತಲ್ಲ. ಇನ್ನೊಂದು ಗುಂಪಿಗೆ ಬರೀ ಮಾಹಿತಿ ಕೊಟ್ಟು ಕಳ್ಸಿದ್ರು, ಇಷ್ಟು ಸಹಾಯ ಸಿಗುತ್ತೆ ಅರ್ಜಿ ಹಾಕಿ ಅಂತ. ಮುಂದಿನ ಮೂರು ವರ್ಷ ನೋಡಿದ್ರೆ, ಅರ್ಜಿ ತುಂಬಿಸಿಕೊಟ್ಟ ಕುಟುಂಬಗಳ ಹೈಸ್ಕೂಲ್ ಕೊನೇ ವರ್ಷದ ಮಕ್ಕಳಲ್ಲಿ ಎರಡು ವರ್ಷ ಕಾಲೇಜು ಪೂರೈಸಿದವರು ಶೇ 36, ಏನೂ ಸಿಗದ ಗುಂಪಲ್ಲಿ ಶೇ 28. ಬರೀ ಮಾಹಿತಿ ಸಿಕ್ಕವರಲ್ಲಿ ಏನೂ ಬದಲಾವಣೆ ಇಲ್ಲ. ಅಂದ್ರೆ ಕೈಗೆ ಪಾಂಪ್ಲೆಟ್ ಕೊಟ್ಟಿದ್ದಕ್ಕೂ ಕೊಡದೇ ಇದ್ದಿದ್ದಕ್ಕೂ ವ್ಯತ್ಯಾಸ ಕಾಣ್ಲಿಲ್ಲ.

ಇದಕ್ಕೆ ಒಂದು ಮುಖ್ಯವಾದ ಸೇರ್ಪಡೆ ಇದೆ. ಮಿಷಿಗನ್ ಯೂನಿವರ್ಸಿಟಿಯವರು ಬಡ ಕುಟುಂಬದ ಒಳ್ಳೆ ಮಾರ್ಕ್ಸ್ ಇರೋ ಮಕ್ಕಳಿಗೆ ಒಂದು ಕಾಗದ ಬರೆದ್ರು, ನೀನು ಅರ್ಜಿ ಹಾಕಿ ಸೀಟು ಸಿಕ್ರೆ ನಾಲ್ಕು ವರ್ಷ ಟ್ಯೂಷನ್ ಫೀಸು ಇಲ್ಲ, ಅದಕ್ಕೆ ಬೇರೆ ಯಾವ ಆದಾಯದ ಫಾರ್ಮೂ ಬೇಡ, ಇದು ನಮ್ಮ ಮಾತು ಅಂತ. ಮಗುವಿಗೆ ಒಂದು, ಅಪ್ಪ ಅಮ್ಮನಿಗೆ ಒಂದು, ಶಾಲೆ ಮುಖ್ಯಸ್ಥರಿಗೆ ಒಂದು. ಇದರಲ್ಲಿ ಸ್ವಾರಸ್ಯ ಏನಂದ್ರೆ ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಮಾಮೂಲಿ ಧನಸಹಾಯದಲ್ಲೇ ಹೆಚ್ಚುಕಮ್ಮಿ ಅಷ್ಟೇ ಸಿಗ್ತಿತ್ತು, ಹೊಸದಾಗಿ ದುಡ್ಡು ಕೊಡ್ಲಿಲ್ಲ, ಮೊದಲೇ ಖಚಿತವಾಗಿ ಹೇಳಿದ್ರು ಅಷ್ಟೇ. ಕಾಗದ ಬರದ ಮಕ್ಕಳಲ್ಲಿ ಆ ಯೂನಿವರ್ಸಿಟಿಗೆ ಅರ್ಜಿ ಹಾಕಿದ್ದು ಶೇ 26, ಬಂದವರಲ್ಲಿ ಮೂರರಲ್ಲಿ ಎರಡು ಪಾಲು. ಸೇರಿದವರ ಪ್ರಮಾಣ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು. "ಸಹಾಯ ಸಿಗಬಹುದು" ಅನ್ನೋದಕ್ಕೂ "ಸಿಗುತ್ತೆ" ಅನ್ನೋದಕ್ಕೂ ಬಡವರ ಮನೇಲಿ ಎಷ್ಟು ದೂರ ಅಂತ ಇದರಲ್ಲಿ ಗೊತ್ತಾಗುತ್ತೆ. ಬಹುದು ಅನ್ನೋ ಮಾತಿನ ಮೇಲೆ ಅವರು ಮನೆ ನಡೆಸೋಕಾಗಲ್ಲ. ಹಾಗಾಗಿ ಮೇಡಂ, ನಿಮ್ಮ ಫೈನಾನ್ಸ್ ಆಫೀಸಿನವರ ಹತ್ರ ಕೂತು ಯಾವುದನ್ನ ಖಚಿತವಾಗಿ ಬರ್ದು ಕೊಡಬಹುದು ಅಂತ ಮೊದಲು ಇತ್ಯರ್ಥ ಮಾಡ್ಕೊಳ್ಳಿ, ಆಮೇಲೆ ಶಾಲೆಗೆ ಹೋಗಿ.

ಇನ್ನು ಕೆಲವರು ಎಲ್ಲಾ ಮೊಬೈಲ್ ಮೆಸೇಜಲ್ಲೇ ಮಾಡೋಣ, ಖರ್ಚು ಕಮ್ಮಿ ಅಂತಾರೆ. ಅದನ್ನೂ ನೋಡಿದಾರೆ. ಗೊತ್ತಿರೋ ಕೌನ್ಸೆಲರ್ ಕಡೆಯಿಂದ, ಉತ್ತರ ಬರೆದ್ರೆ ಮಾತಾಡೋಕೆ ಸಿಗೋ ಹಾಗೆ ಮೆಸೇಜ್ ಕಳ್ಸಿದಾಗ ಉಪಯೋಗ ಆಗಿದೆ. ಅದನ್ನೇ 8 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ದೊಡ್ಡ ಸಂಸ್ಥೆಗಳ ಕಡೆಯಿಂದ ಕಳಿಸಿ ನೋಡಿದಾಗ ಕಾಲೇಜು ಸೇರೋದ್ರಲ್ಲಿ ಯಾವ ವ್ಯತ್ಯಾಸವೂ ಆಗ್ಲಿಲ್ಲ. ಪರಿಚಯ ಇಲ್ದೇ ಇರೋರ ಮೆಸೇಜ್ ನಾವಾದ್ರೂ ಎಷ್ಟು ಓದ್ತೀವಿ ಹೇಳಿ.

ಕೆಮಿಸ್ಟ್ರಿ ಲೆಕ್ಚರರ್:

ಎಲ್ರಿಗೂ ಮನಸ್ಸು ತುಂಬಿ ಧನ್ಯವಾದ, ಇಷ್ಟು ವಿವರವಾಗಿ ಬರೀತೀರ ಅಂದ್ಕೊಂಡಿರ್ಲಿಲ್ಲ. ಖಚಿತವಾಗಿ ಹೇಳೋ ವಿಷ್ಯ ಇವತ್ತೇ ರಿಜಿಸ್ಟ್ರಾರ್ ಹತ್ರ ಎತ್ತಿದೀನಿ, ಅಷ್ಟು ಸುಲಭ ಇಲ್ಲ, ಆದ್ರೆ ಬಿಡಲ್ಲ. ಎಲೆಕ್ಟ್ರಿಷಿಯನ್ ಅಣ್ಣ ಹೇಳಿದ್ದೂ ತಲೇಲಿ ಕೂತಿದೆ, ಬ್ಯಾನರ್ ಇಲ್ದೇ ಹೋಗ್ತೀವಿ, ಒಪ್ಪೋದಾದ್ರೆ ಒಂದು ದಿನ ನೀವೂ ಬಂದು ನಿಮ್ಮ ಕೆಲಸದ ಬಗ್ಗೆ ಮಕ್ಕಳ ಹತ್ರ ಮಾತಾಡಿ.

ಇನ್ನೆರಡು ಕೇಳ್ಬೇಕು. ಪಿಎಚ್‌ಡಿ ಹುಡುಗರನ್ನ ಹೇಗೆ ಬಳಸ್ಕೊಳ್ಳೋದು? ಮತ್ತೆ, ಸೀಟು ಸಿಕ್ಕಿದ ಮೇಲೆ ನಮ್ಮ ಕೆಲಸ ಮುಗೀತಾ?

ಮನೆಯ ಮೊದಲ ಡಿಗ್ರಿ:

ಮೇಡಂ, ಎರಡನೇದಕ್ಕೆ ಮೊದ್ಲು ಹೇಳ್ತೀನಿ, ಮುಗಿಯಲ್ಲ, ಅಲ್ಲೇ ತುಂಬಾ ಮಕ್ಕಳು ಕಳೆದುಹೋಗೋದು. ಸೀಟು ಸಿಕ್ಕಿ ಕ್ಲಾಸ್ ಶುರುವಾಗೋಕೆ ಮುಂಚೆ ಎರಡು ಮೂರು ತಿಂಗಳು ಇರುತ್ತಲ್ಲ, ಆಗ ಶಾಲೆಯವರ ಪಾಲಿಗೆ ಆ ಮಗು ಶಾಲೆ ಬಿಟ್ಟಾಗಿದೆ, ಕಾಲೇಜಿನವರ ಪಾಲಿಗೆ ಇನ್ನೂ ಸೇರಿಲ್ಲ. ಆ ಮಧ್ಯ ಹಾಸ್ಟೆಲ್ ಅಡ್ವಾನ್ಸ್ ಕಟ್ಬೇಕು, ಮೆಡಿಕಲ್ ಸರ್ಟಿಫಿಕೇಟ್ ಬೇಕು, ಒರಿಜಿನಲ್ ದಾಖಲೆ ಬೇಕು, ಲಾಗಿನ್ ಪಾಸ್‌ವರ್ಡ್ ಮರೆತಿರುತ್ತೆ. ಅಮೆರಿಕದ ಸಂಶೋಧಕರು ಇದನ್ನ ಲೆಕ್ಕ ಹಾಕಿ, ಸೇರ್ತೀನಿ ಅಂತ ಒಪ್ಪಿದ ಮಕ್ಕಳಲ್ಲಿ ಶೇ 10ರಿಂದ 40ರಷ್ಟು ಜನ ಆ ಬೇಸಿಗೇಲೇ ಬಿಟ್ಟುಹೋಗ್ತಾರೆ, ಅದರಲ್ಲಿ ಬಡವರ ಮಕ್ಕಳೇ ಜಾಸ್ತಿ ಅಂತ ತೋರಿಸಿದಾರೆ. ಇನ್ನೊಂದು ವಿಷ್ಯ ಯಾರೂ ಗಮನಿಸಲ್ಲ, ಸ್ಕಾಲರ್‌ಶಿಪ್ ಇದೆ ಅಂತಾರೆ, ಆದ್ರೆ ಮೊದ್ಲು ಕಟ್ಟಿ ಆಮೇಲೆ ವಾಪಸ್ ತಗೋಬೇಕು. ಮೊದ್ಲು ಕಟ್ಟೋಕೆ ಇದ್ದಿದ್ರೆ ಸ್ಕಾಲರ್‌ಶಿಪ್ ಯಾಕೆ ಬೇಕಿತ್ತು? ಫೀಸು ಕಟ್ಟೋ ಕೊನೇ ದಿನ ಸ್ಕಾಲರ್‌ಶಿಪ್ ದುಡ್ಡು ಬರೋ ದಿನಕ್ಕಿಂತ ಆಮೇಲೆ ಇರೋ ಹಾಗೆ ನಿಮ್ಮ ಯೂನಿವರ್ಸಿಟೀಲಿ ಮಾಡ್ಸೋಕಾದ್ರೆ, ನೂರು ಭಾಷಣಕ್ಕಿಂತ ದೊಡ್ಡ ಕೆಲಸ.

ಪಿಎಚ್‌ಡಿ ಹುಡುಗರ ವಿಷ್ಯಕ್ಕೆ, ಇಂಗ್ಲೆಂಡಲ್ಲಿ ಬ್ರಿಲಿಯಂಟ್ ಕ್ಲಬ್ ಅಂತ 2011ರಲ್ಲಿ ಶುರುವಾದ ಸಂಸ್ಥೆ ಮಾಡೋದು ಇದನ್ನೇ. ಸಂಶೋಧನೆ ಮಾಡ್ತಿರೋರು ಶಾಲೆಗೆ ಹೋಗಿ ಸಣ್ಣ ಸಣ್ಣ ಗುಂಪಿಗೆ ತಮ್ಮ ವಿಷಯವನ್ನೇ ಕೆಲವು ವಾರ ಪಾಠ ಮಾಡ್ತಾರೆ, ಕೊನೇಲಿ ಮಕ್ಕಳು ಒಂದು ದೊಡ್ಡ ಅಸೈನ್‌ಮೆಂಟ್ ಬರೀಬೇಕು, ಅದನ್ನ ಯೂನಿವರ್ಸಿಟಿ ಥರಾನೇ ತಿದ್ದಿ ಕೊಡ್ತಾರೆ. ನನಗೆ ಇದು ಯಾಕೆ ಇಷ್ಟ ಅಂದ್ರೆ, ನೀನು ಮಾಡಬಲ್ಲೆ ಅಂತ ಹೇಳೋ ಬದ್ಲು ಮಾಡಿಸಿ ತೋರಿಸ್ತಾರೆ. ಹುಡುಗರನ್ನ ಆರಿಸೋವಾಗ ತಾವೇ ಮನೆಯ ಮೊದಲ ಡಿಗ್ರಿ ಆಗಿರೋರಿಗೆ ಆದ್ಯತೆ ಕೊಡಿ, ಮತ್ತೆ ದಯವಿಟ್ಟು ಅವರಿಗೆ ಗೌರವಧನ ಕೊಡಿ, ಪುಕ್ಸಟ್ಟೆ ಕೆಲಸ ಮಾಡ್ಸಿದ್ರೆ ಮನೇಲಿ ಅನುಕೂಲ ಇರೋರು ಮಾತ್ರ ಉಳೀತಾರೆ.

ಡೇಟಾ ನೋಡೋನು:

ಒಂದೇ ಸೇರಿಸ್ತೀನಿ. ಮಕ್ಕಳು ಹೋಗೋವಾಗ ತುಂಬೋ ಫೀಡ್‌ಬ್ಯಾಕ್ ಫಾರ್ಮ್ ನೋಡಿ ಯಶಸ್ಸು ಅಂತ ವರದಿ ಬರೀಬೇಡಿ, ಬಸ್ಸಲ್ಲಿ ಹೊರಗೆ ಕರ್ಕೊಂಡು ಹೋದ್ರೆ ಯಾವ ಮಗು ತಾನೇ ಚೆನ್ನಾಗಿಲ್ಲ ಅನ್ನುತ್ತೆ. ಎಷ್ಟು ಜನ ಅರ್ಜಿ ಹಾಕಿದ್ರು, ಸೇರಿದ್ರು, ಮೊದಲ ವರ್ಷ ದಾಟಿದ್ರು, ಅದೇ ಥರದ ಬೇರೆ ಶಾಲೇಲಿ ಎಷ್ಟು, ಇದನ್ನ ಬರೆದಿಡಿ. ಇಂಗ್ಲೆಂಡಲ್ಲಿ ಏಮ್‌ಹೈಯರ್ ಅಂತ 2004ರಿಂದ ದೇಶದ ತುಂಬಾ ನಡೀತಿದ್ದ ಕಾರ್ಯಕ್ರಮಕ್ಕೆ ಸರ್ಕಾರ ದುಡ್ಡು ನಿಲ್ಸಿದ ಮೇಲೆ 2011ರಲ್ಲಿ ಮುಚ್ಚಿಹೋಯ್ತು, ಶಾಲೆಗಳ ಜೊತೆ ಕಟ್ಟಿದ್ದ ಸಂಬಂಧ ಎಷ್ಟೋ ಕಡೆ ಅಲ್ಲಿಗೇ ನಿಂತು, 2017ರಲ್ಲಿ ಅಂಥದೇ ಕೆಲಸ ಬೇರೆ ಹೆಸರಲ್ಲಿ ಮತ್ತೆ ಶುರು ಮಾಡ್ಬೇಕಾಯ್ತು. ನಿಮ್ಮದು ಒಬ್ರ ಉತ್ಸಾಹದ ಮೇಲೆ ನಿಂತ್ರೆ ನೀವು ಬೇರೆ ಕಡೆ ಹೋದ ದಿನ ನಿಲ್ಲುತ್ತೆ, ಅದಕ್ಕೇ ಡಿಪಾರ್ಟ್‌ಮೆಂಟಿನ ಟೈಮ್‌ಟೇಬಲಲ್ಲೇ ಗಂಟೆ ಹಾಕ್ಸಿ, ಕೆಲಸದ ಲೆಕ್ಕಕ್ಕೆ ಸೇರ್ಸಿ.

ಕೆಮಿಸ್ಟ್ರಿ ಲೆಕ್ಚರರ್:

ಸರಿ, ಹತ್ತು ಶಾಲೆ ಅಂತಿದ್ದದ್ದನ್ನ ಎರಡಕ್ಕೆ ಇಳಿಸ್ತಿದೀನಿ, ಆದ್ರೆ ಮೂರು ವರ್ಷ ಅವೇ ಶಾಲೆ, ಅವೇ ಮಕ್ಕಳು. ಎಂಟನೇ ಕ್ಲಾಸಿಂದ ಶುರು. ಮೊದಲ ವರ್ಷ ಪಿಎಚ್‌ಡಿಯವರ ಪಾಠ ಮತ್ತು ಸಬ್ಜೆಕ್ಟ್ ಆರಿಸ್ಕೊಳ್ಳೋ ಬಗ್ಗೆ ಮಾತು. ಕೊನೇ ವರ್ಷದವರಿಗೆ ಈಗ್ಲಿಂದಾನೇ ಬೇರೆಯಾಗಿ ಅರ್ಜಿ ತುಂಬೋ ಸಂಜೆ, ಕಂಪ್ಯೂಟರು ಪ್ರಿಂಟರು ನಾವೇ ತರ್ತೀವಿ, ಸ್ಕಾಲರ್‌ಶಿಪ್ ಸೆಕ್ಷನ್ನಿನ ಒಬ್ರನ್ನ ಜೊತೆಗೆ ಕರ್ಕೊಂಡು ಬರ್ತೀನಿ. ಮೇಷ್ಟ್ರೇ, ಪೋಷಕರು ಬರೋಕೆ ಯಾವ ದಿನ ಯಾವ ಹೊತ್ತು ಸರಿ ಅಂತ ನೀವೇ ಹೇಳಿ.

ಹೈಸ್ಕೂಲ್ ಮೇಷ್ಟ್ರು:

ಕೂಲಿ ಬಟವಾಡೆ ದಿನ ಬೇಡ, ಅವತ್ತು ಯಾರೂ ಬರಲ್ಲ. ಬೇರೆ ಯಾವ ದಿನವಾದ್ರೂ ಕೆಲಸ ಬಿಟ್ಟ ಮೇಲೆ, ಏಳು ಗಂಟೆ ಹೊತ್ತಿಗೆ ಇಟ್ಕೊಳ್ಳಿ, ಚಿಕ್ಕ ಮಕ್ಕಳನ್ನೂ ಕರ್ಕೊಂಡು ಬನ್ನಿ ಅಂತ ಹೇಳಿ, ಇಲ್ದಿದ್ರೆ ತಾಯಂದಿರು ಬರೋಕಾಗಲ್ಲ. ಯಾವ್ಯಾವ ದಾಖಲೆ ತರ್ಬೇಕು ಅನ್ನೋ ಚೀಟಿ ಒಂದು ವಾರ ಮುಂಚೆ ನನಗೆ ಕಳ್ಸಿ ಮೇಡಂ, ಕ್ಲಾಸಲ್ಲಿ ಬೋರ್ಡ್ ಮೇಲೆ ಬರ್ದು ಎಲ್ರ ಕೈಲೂ ನೋಟ್‌ಬುಕ್ಕಲ್ಲಿ ಬರೆಸ್ತೀನಿ.